ಅಮೆರಿಕದ ಬಾರ್ಬೆಕ್ಯೂ ಹಾದಿ: ಪುಸ್ತಕಕ್ಕೆ ಬಾರದ ಆಸ್ತಿ

ಬೇಸಿಗೆಯಲ್ಲಿ ಡಲ್ಲಾಸ್, ಆಸ್ಟಿನ್, ರಾಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬರುವ ವಾಣಿಜ್ಯೋದ್ಯಮಿಗಳು ಕರ್ನಾಟಕದಲ್ಲಿ ಈಗ ಅಪರೂಪವಲ್ಲ. ಹೋದವರು ನಯಾಗರಾ ಜಲಪಾತ, ವಾಷಿಂಗ್ಟನ್ನಿನ ಶ್ವೇತಭವನ, ದೊಡ್ಡ ದೊಡ್ಡ ಮಾಲುಗಳನ್ನು ನೋಡಿ ಬರುತ್ತಾರೆ. ಆದರೆ ಆ ದೇಶದ ಜನರು ತಾವಾಗಿಯೇ ರಜೆ ಹಾಕಿ ಕಾರಿನಲ್ಲಿ ಕೈಗೊಳ್ಳುವ ಒಂದು ಪ್ರವಾಸವಿದೆ. ದಕ್ಷಿಣದ ರಾಜ್ಯಗಳಲ್ಲಿ ಊರಿಂದೂರಿಗೆ ಸಾಗುತ್ತಾ, ಪ್ರತಿ ಪ್ರದೇಶದ ಬಾರ್ಬೆಕ್ಯೂ ಭೋಜನಾಲಯದಲ್ಲಿ ಒಂದೊಂದು ತಟ್ಟೆ ರುಚಿ ನೋಡುತ್ತಾ ಮುಂದುವರಿಯುವ ಪ್ರವಾಸ ಅದು. ವ್ಯಾಪಾರಸ್ಥನ ಕಣ್ಣಿಗೆ ಆ ಹಾದಿಯಲ್ಲಿ ಸಿಗುವ ಪಾಠ ಯಾವ ಮಾಲಿನಲ್ಲಿಯೂ ಸಿಗಲಾರದು.

ಭಾರತದಲ್ಲಿ ಬಾರ್ಬೆಕ್ಯೂ ಎಂದೊಡನೆ ಮೇಜಿನ ನಡುವೆ ಕೆಂಡ, ಅದರ ಮೇಲೆ ಕಡ್ಡಿಗೆ ಚುಚ್ಚಿದ ತುಣುಕುಗಳು, ಬೇಕಾದಷ್ಟು ತಿನ್ನಬಹುದಾದ ಊಟ ನೆನಪಾಗುತ್ತದೆ. 2006ರಲ್ಲಿ ಆರಂಭವಾಗಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಬೆಳೆದ ಬಾರ್ಬೆಕ್ಯೂ ನೇಷನ್ ಸರಣಿಯೇ ಈ ಕಲ್ಪನೆಗೆ ಬಹುಮಟ್ಟಿಗೆ ಕಾರಣ. ಅಮೆರಿಕದ ದಕ್ಷಿಣದವರು ಇದನ್ನು ಬಾರ್ಬೆಕ್ಯೂ ಎಂದು ಒಪ್ಪುವುದಿಲ್ಲ. ಅವರ ಪ್ರಕಾರ ಬಾರ್ಬೆಕ್ಯೂ ಎಂದರೆ ಓಕ್ ಅಥವಾ ಹಿಕರಿ ಮರದ ಸೌದೆಯ ಮಂದವಾದ ಶಾಖದಲ್ಲಿ, ಹೊಗೆಯಲ್ಲಿ, ಹತ್ತು ಹನ್ನೆರಡು ಗಂಟೆಗಳ ಕಾಲ ಬೆಂದ ಮಾಂಸ. ಸಸ್ಯಾಹಾರಿಗಳಾದ ಸದಸ್ಯರು ಇಲ್ಲಿಗೇ ಪುಟ ತಿರುವಬೇಕಾಗಿಲ್ಲ; ಈ ಲೇಖನದ ವಿಷಯ ರುಚಿಯಲ್ಲ, ಲೆಕ್ಕ.

ಲೆಕ್ಕದ ದೃಷ್ಟಿಯಿಂದ ಈ ಭೋಜನಾಲಯಗಳು ವಿಚಿತ್ರವಾದವು. ಇವುಗಳಲ್ಲಿ ಹೆಸರುವಾಸಿಯಾದ ಅನೇಕವು ಒಂದೇ ಕುಟುಂಬದ ಕೈಯಲ್ಲಿ, ಒಂದೇ ಊರಿನಲ್ಲಿ ಐವತ್ತು, ಎಪ್ಪತ್ತು, ನೂರು ವರ್ಷಗಳಿಂದ ನಡೆದುಬಂದಿವೆ. ಬೇಡಿಕೆ ಇದ್ದರೂ ಶಾಖೆ ತೆರೆಯಲು ಹಿಂಜರಿಯುತ್ತವೆ. ಮಧ್ಯಾಹ್ನ ಒಂದು ಗಂಟೆಗೇ ‘ಮುಗಿಯಿತು’ ಎಂಬ ಫಲಕ ತೂಗುಹಾಕಿ ಬಾಗಿಲು ಮುಚ್ಚುತ್ತವೆ. ಆಡಳಿತ ಶಾಸ್ತ್ರದ ಸಲಹೆಗಾರರು ಇದನ್ನು ಕೈಬಿಟ್ಟ ಅವಕಾಶವೆಂದು ಕರೆಯಬಹುದು. ಆ ತೀರ್ಪು ಅವಸರದ್ದು. ಈ ಅಂಗಡಿಗಳ ಬೆಲೆಬಾಳುವ ಆಸ್ತಿ ಅಢಾವೆ ಪತ್ರಿಕೆಯಲ್ಲಿ ಕಾಣಿಸುವುದೇ ಇಲ್ಲ. ಅದನ್ನು ಅರಿತು ನಡೆದವರು ಉಳಿದಿದ್ದಾರೆ, ಅರಿಯದೆ ಪಾಲು ಮಾಡಿಕೊಂಡವರು ನ್ಯಾಯವಾದಿಗಳ ಮನೆಗೆ ಅಲೆದಿದ್ದಾರೆ.

ಪ್ರವಾಸವನ್ನು ಪೂರ್ವ ಕರಾವಳಿಯ ನಾರ್ತ್ ಕೆರೊಲಿನಾದಿಂದ ಆರಂಭಿಸುವುದು ಸೂಕ್ತ. ಅಲ್ಲಿನ ಏಡನ್ ಎಂಬ ಚಿಕ್ಕ ಊರಿನಲ್ಲಿ 1947ರಿಂದ ಸ್ಕೈಲೈಟ್ ಇನ್ ಎಂಬ ಭೋಜನಾಲಯವಿದೆ. ಇಡೀ ಹಂದಿಯನ್ನು ರಾತ್ರಿಯೆಲ್ಲ ಸೌದೆಯ ಕೆಂಡದ ಮೇಲೆ ಬೇಯಿಸಿ, ಬೆಳಿಗ್ಗೆ ಮರದ ದಿಮ್ಮಿಯ ಮೇಲೆ ಎರಡು ಕತ್ತಿಗಳಿಂದ ಕೊಚ್ಚಿ, ವಿನೆಗರ್ ಮತ್ತು ಮೆಣಸಿನಕಾಯಿ ಬೆರೆಸಿ ಕೊಡುತ್ತಾರೆ. ಜೊತೆಗೆ ಜೋಳದ ಹಿಟ್ಟಿನ ಒಂದು ತುಂಡು ರೊಟ್ಟಿ, ಹೆಚ್ಚಿದ ಎಲೆಕೋಸು. ಊಟದ ಪಟ್ಟಿ ಬಹುಕಾಲ ಇಷ್ಟಕ್ಕೇ ನಿಂತಿತ್ತು. ಕಟ್ಟಡದ ಮೇಲೆ ಅಮೆರಿಕದ ಸಂಸತ್ ಭವನದ ಗುಮ್ಮಟದ ಸಣ್ಣ ಮಾದರಿಯೊಂದನ್ನು ಕೂರಿಸಿಕೊಂಡಿದ್ದಾರೆ. ಜಾಹೀರಾತಿಗೆಂದು ಖರ್ಚು ಮಾಡಿದ್ದರೆ ಅದೊಂದೇ ಇರಬೇಕೆಂದು ತೋರುತ್ತದೆ. 2003ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಈ ಅಂಗಡಿಯನ್ನು ದೇಶದ ಹಿರಿಯ ಭೋಜನಾಲಯಗಳ ಸಾಲಿನಲ್ಲಿ ಗೌರವಿಸಿತು. ಮೊಮ್ಮಗ ಸ್ಯಾಮ್ ಜೋನ್ಸ್ 2015ರಲ್ಲಿ ಹತ್ತಿರದ ವಿಂಟರ್‌ವಿಲ್ ಎಂಬಲ್ಲಿ ದೊಡ್ಡದಾದ ಹೊಸ ಭೋಜನಾಲಯ ತೆರೆದಾಗ ಅದಕ್ಕೆ ಹಳೆಯ ಹೆಸರನ್ನು ಅಂಟಿಸಲಿಲ್ಲ, ತಮ್ಮ ಹೆಸರನ್ನೇ ಇಟ್ಟರು. ಹೊಸದು ಸೋತರೂ ಹಳೆಯದರ ಕೀರ್ತಿಗೆ ಕುಂದು ಬಾರದು. ಬೆಳೆಯಬಯಸುವ ಕುಟುಂಬದ ವ್ಯಾಪಾರಕ್ಕೆ ಇದಕ್ಕಿಂತ ವಿವೇಕದ ವ್ಯವಸ್ಥೆ ಸುಲಭವಾಗಿ ಹೊಳೆಯದು.

ಅಲ್ಲಿಂದ ಪಶ್ಚಿಮಕ್ಕೆ ಸುಮಾರು 300 ಕಿ.ಮೀ. ಸಾಗಿದರೆ ಅದೇ ರಾಜ್ಯದ ಲೆಕ್ಸಿಂಗ್ಟನ್. ಇಲ್ಲಿ ಇಡೀ ಹಂದಿಯಿಲ್ಲ. ಭುಜದ ಭಾಗ ಮಾತ್ರ. ವಿನೆಗರಿಗೆ ಸ್ವಲ್ಪ ಟೊಮೆಟೊ ಸೇರುತ್ತದೆ, ಎಲೆಕೋಸೂ ಕೆಂಪಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಪೂರ್ವದವರು ಮತ್ತು ಪಶ್ಚಿಮದವರು ತಲೆಮಾರುಗಳಿಂದ ವಾದಿಸುತ್ತಿದ್ದಾರೆ. ದಕ್ಷಿಣಕ್ಕಿಳಿದು ಸೌತ್ ಕೆರೊಲಿನಾ ಹೊಕ್ಕರೆ ಸಾಸಿವೆಯ ಹಳದಿ ಗೊಜ್ಜು. ಅದು ಅಲ್ಲಿ ನೆಲೆಸಿದ ಜರ್ಮನ್ ವಲಸಿಗರ ಕೊಡುಗೆ ಎನ್ನುತ್ತಾರೆ. ಈ ಬಗೆಯ ಪ್ರಾದೇಶಿಕ ಅಭಿಮಾನವು ಪ್ರತಿ ಊರಿನ ಅಂಗಡಿಗೂ ಒಂದು ರಕ್ಷಣಾ ಗೋಡೆ. ಹೊರಗಿನ ಸರಣಿ ಸಂಸ್ಥೆ ಬಂದರೆ ಯಾವ ಗೊಜ್ಜನ್ನು ಕೊಟ್ಟರೂ ಅರ್ಧ ಊರಿಗೆ ಅದು ತಪ್ಪಾಗಿಯೇ ಕಾಣುತ್ತದೆ.

ಆದರೆ ಈ ‘ಸ್ಥಳೀಯ’ ಎಂಬ ಮಾತನ್ನು ಪೂರ್ತಿಯಾಗಿ ನಂಬುವಂತಿಲ್ಲ. ಅದಕ್ಕೆ ಸಾಕ್ಷಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿತ್ತು. ಅಲ್ಲಿದ್ದ ಓಲೀಸ್ ಬಾರ್ಬೆಕ್ಯೂ 1927ರಲ್ಲಿ ಆರಂಭವಾದ, 220 ಆಸನಗಳ ಕುಟುಂಬದ ಭೋಜನಾಲಯ. ಅದರ 36 ನೌಕರರಲ್ಲಿ ಮೂರನೇ ಎರಡು ಭಾಗ ಕಪ್ಪು ಜನಾಂಗದವರು. ಅವರು ಬೇಯಿಸಬಹುದಿತ್ತು, ಬಡಿಸಬಹುದಿತ್ತು. ಅವರ ಜನ ಮಾತ್ರ ಒಳಗೆ ಕುಳಿತು ಉಣ್ಣುವಂತಿರಲಿಲ್ಲ, ಕಟ್ಟಿಸಿಕೊಂಡು ಹೋಗಬೇಕಿತ್ತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಇದನ್ನು ನಿಷೇಧಿಸಿದಾಗ, ತಮ್ಮದು ಕೇವಲ ಸ್ಥಳೀಯ ವ್ಯಾಪಾರ, ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಕೇಂದ್ರದ ಅಧಿಕಾರ ತಮಗೆ ತಟ್ಟದು ಎಂದು ಮಾಲೀಕರು ವಾದಿಸಿದರು.

ಸರ್ವೋಚ್ಚ ನ್ಯಾಯಾಲಯ ಅಂಗಡಿಯ ಖರೀದಿಯ ಅಂಕಿ ಅಂಶಗಳನ್ನು ನೋಡಿತು. ಕಾಯಿದೆ ಬರುವುದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕೊಂಡ ಆಹಾರ ಪದಾರ್ಥ ಸುಮಾರು 1,50,000 ಡಾಲರಿನದ್ದು. ಅದರಲ್ಲಿ 69,683 ಡಾಲರ್, ಅಂದರೆ ಶೇಕಡ 46ರಷ್ಟು, ಮಾಂಸಕ್ಕೆ ಸಂದಿತ್ತು. ಆ ಮಾಂಸವನ್ನು ಕೊಂಡದ್ದು ಊರಿನ ವರ್ತಕನಿಂದಲೇ. ಆದರೆ ಆ ವರ್ತಕ ಅದನ್ನು ತರಿಸಿದ್ದು ಹೊರ ರಾಜ್ಯದಿಂದ. 1964ರ ಡಿಸೆಂಬರ್ 14ರಂದು ನ್ಯಾಯಾಲಯ ಒಮ್ಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು. ಕಾಟ್ಸೆನ್‌ಬಾಕ್ ವಿರುದ್ಧ ಮೆಕ್‌ಕ್ಲಂಗ್ ಎಂಬ ಈ ಮೊಕದ್ದಮೆಯನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಸಂವಿಧಾನದ ಪಾಠವಾಗಿ ಓದುತ್ತಾರೆ. ಲೆಕ್ಕಪತ್ರದವರು ಅದನ್ನು ಬೇರೊಂದು ಕಾರಣಕ್ಕೆ ಓದಬೇಕು. ಮಾಲೀಕನ ಅಹವಾಲಿಗಿಂತ ಅವನ ಖರೀದಿಯ ಅಂಕಿಗಳೇ ಹೆಚ್ಚು ಮಾತನಾಡಿದವು. ಯಾವ ಅಂಗಡಿಯೂ ತನ್ನ ಓಣಿಯಲ್ಲಿ ಮಾತ್ರ ವ್ಯಾಪಾರ ಮಾಡುವುದಿಲ್ಲ. ಸರಕು ಎಲ್ಲಿಂದ ಬಂತೆಂಬುದು ಒಂದು ದಿನ ಹೊಣೆಯನ್ನೂ ಹೊತ್ತು ತರುತ್ತದೆ. ಆ ಭೋಜನಾಲಯ ಈಗ ಇಲ್ಲ, ತೀರ್ಪು ಇದೆ.

ವಾಯವ್ಯಕ್ಕೆ ಸಾಗಿ ಟೆನ್ನೆಸಿಯ ಮೆಂಫಿಸ್ ತಲಪಿದರೆ ಹಂದಿಯ ಪಕ್ಕೆಲುಬಿನ ರಾಜ್ಯ. 1948ರಲ್ಲಿ ಗ್ರೀಕ್ ವಲಸಿಗ ಕುಟುಂಬದ ಚಾರ್ಲಿ ವರ್ಗೋಸ್ ಆರಂಭಿಸಿದ ರಾಂಡೆವೂ ನಗರದ ಒಂದು ಸಂದಿಯಲ್ಲಿ, ನೆಲಮಾಳಿಗೆಯಲ್ಲಿದೆ. ಗೊಜ್ಜಿಲ್ಲದೆ ಒಣ ಮಸಾಲೆಯನ್ನಷ್ಟೇ ಉದುರಿಸಿದ ಪಕ್ಕೆಲುಬು ಅದರ ಗುರುತು. ನೆಲಮಾಳಿಗೆಯನ್ನು ವಿಸ್ತರಿಸುವುದು ಕಷ್ಟ. ಆದರೆ ಫೆಡೆಕ್ಸ್ ಸಂಸ್ಥೆಯ ಕೇಂದ್ರ ಕಚೇರಿ ಇರುವುದೂ ಇದೇ ಊರಿನಲ್ಲಿ. ಬೇಯಿಸಿದ ಪಕ್ಕೆಲುಬನ್ನು ಪೆಟ್ಟಿಗೆಯಲ್ಲಿಟ್ಟು ದೇಶದ ಮೂಲೆಮೂಲೆಗೆ ಕಳುಹಿಸುವ ವ್ಯಾಪಾರವನ್ನು ಈ ಅಂಗಡಿ ಬೆಳೆಸಿಕೊಂಡಿತು. ಜಾಗ ಹಾಗೆಯೇ ಉಳಿಯಿತು, ಮಾರಾಟ ಹೊರಗೆ ಹೋಯಿತು.

ವಾಯವ್ಯಕ್ಕೆ ಸುಮಾರು 700 ಕಿ.ಮೀ. ದೂರದ ಕನ್ಸಾಸ್ ಸಿಟಿಯಲ್ಲಿ ಲೆಕ್ಕದವರು ಒಂದು ದಿನ ಹೆಚ್ಚು ನಿಲ್ಲುವುದು ಒಳ್ಳೆಯದು. ರೈಲು ಮಾರ್ಗಗಳು ಕೂಡುವ, ಒಂದು ಕಾಲಕ್ಕೆ ಶಿಕಾಗೊ ಬಿಟ್ಟರೆ ದೇಶದಲ್ಲೇ ದೊಡ್ಡದಾದ ಜಾನುವಾರು ಪೇಟೆಯಿದ್ದ ನಗರ ಇದು. ಬೆಲೆಯಿಲ್ಲದ ಮಾಂಸದ ಭಾಗಗಳು ಅಗ್ಗವಾಗಿ ದೊರೆಯುತ್ತಿದ್ದವು. 1908ರ ಸುಮಾರಿಗೆ ಟೆನ್ನೆಸಿಯಿಂದ ಬಂದ ಹೆನ್ರಿ ಪೆರಿ ಎಂಬ ಕಪ್ಪು ಜನಾಂಗದ ವ್ಯಾಪಾರಿ ಹೊಗೆಯಲ್ಲಿ ಬೇಯಿಸಿದ ಮಾಂಸವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಮಾರತೊಡಗಿದರು. ಅವರ ಬಳಿ ಕೆಲಸಕ್ಕಿದ್ದ ಚಾರ್ಲಿ ಬ್ರಯಂಟ್ 1940ರಲ್ಲಿ ಅಂಗಡಿ ವಹಿಸಿಕೊಂಡರು; 1946ರಲ್ಲಿ ಅದು ಅವರ ಸಹೋದರ ಆರ್ಥರ್ ಬ್ರಯಂಟ್ ಕೈಗೆ ಬಂತು. ಅದೇ ವರ್ಷ ಆರಂಭವಾದ ಗೇಟ್ಸ್ ಎಂಬ ಇನ್ನೊಂದು ಅಂಗಡಿಗೂ ಪೆರಿಯ ಬಳಿ ಕಲಿತ ಅಡುಗೆಯವರೇ ಆಧಾರ. ನಗರದ ಎರಡು ದೊಡ್ಡ ಹೆಸರುಗಳೂ ಒಬ್ಬನೇ ಯಜಮಾನನ ಕೆಲಸಗಾರರಿಂದ ಹುಟ್ಟಿದವು. ಪೆರಿಯ ಒಲೆ, ಪಾತ್ರೆ, ಮೇಜುಗಳಿಗೆ ಸವಕಳಿ ಕಳೆದು ಎಷ್ಟು ಉಳಿದಿತ್ತೋ, ಅದು ಈಗ ಯಾರಿಗೂ ಬೇಡದ ಅಂಕಿ. ಉಳಿದು ಬಂದದ್ದು ಕೆಲಸಗಾರನ ಕೈಯಲ್ಲಿದ್ದ ವಿದ್ಯೆ. ಅದಕ್ಕೆ ಲೆಕ್ಕಶಾಸ್ತ್ರದಲ್ಲಿ ಕಲಮು ಇಲ್ಲ. ಸಂಬಳದ ಖರ್ಚಿನಲ್ಲಿ ಸೇರಿ ವರ್ಷಾಂತ್ಯದಲ್ಲಿ ಅಳಿಸಿಹೋಗುತ್ತದೆ.

ಬ್ರಯಂಟ್ ಅಂಗಡಿಯದೇ ಇನ್ನೊಂದು ಸಂಗತಿ ವೆಚ್ಚ ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಿಮಾಡಿಸಿದಂತಿದೆ. ದನದ ಎದೆಭಾಗದ ಮಾಂಸಕ್ಕೆ ಬ್ರಿಸ್ಕೆಟ್ ಎನ್ನುತ್ತಾರೆ. ಅದನ್ನು ಹೋಳು ಮಾಡುವಾಗ ಅಂಚಿನ ಕರಟಿದ, ಗಟ್ಟಿಯಾದ ತುಣುಕುಗಳು ಉದುರುತ್ತಿದ್ದವು. ಕತ್ತರಿಸುವವನು ಅವನ್ನು ಕೌಂಟರಿನ ಮೇಲೆ ಪಕ್ಕಕ್ಕೆ ತಳ್ಳುತ್ತಿದ್ದ, ಸಾಲಿನಲ್ಲಿ ನಿಂತವರು ಬಿಟ್ಟಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಊರಿನಲ್ಲೇ ಹುಟ್ಟಿ ಬೆಳೆದ ಪತ್ರಕರ್ತ ಕ್ಯಾಲ್ವಿನ್ ಟ್ರಿಲಿನ್ 1972ರಲ್ಲಿ ಪ್ಲೇಬಾಯ್ ಪತ್ರಿಕೆಯಲ್ಲಿ ಬ್ರಯಂಟ್ ಅಂಗಡಿಯನ್ನು ಜಗತ್ತಿನಲ್ಲೇ ಶ್ರೇಷ್ಠ ಭೋಜನಾಲಯವೆಂದು ಬರೆದು, ಆ ಕರಟಿದ ತುಣುಕುಗಳನ್ನು ಹೊಗಳಿದರು. ಈಗ ‘ಬರ್ನ್ಟ್ ಎಂಡ್ಸ್’ ಎಂಬ ಹೆಸರಿನಲ್ಲಿ ಅದು ಊಟದ ಪಟ್ಟಿಯ ಸ್ವತಂತ್ರ ಪದಾರ್ಥ. ಅಂಚಿನ ತುಣುಕು ಸಾಲದೆ, ಇಡೀ ತುಂಡುಗಳನ್ನು ಅದಕ್ಕೆಂದೇ ಬೇಯಿಸಿ ಕತ್ತರಿಸುವ ಅಂಗಡಿಗಳೂ ಇವೆ. ಕಸವಾಗಿದ್ದದ್ದು ಉಪ ಉತ್ಪನ್ನವಾಗಿ, ಅಲ್ಲಿಂದ ಮುಖ್ಯ ಉತ್ಪನ್ನವಾಗಿ ಬಡ್ತಿ ಪಡೆಯಿತು. ಅಕ್ಕಿ ಗಿರಣಿಯ ತೌಡು, ಎಣ್ಣೆ ಗಾಣದ ಹಿಂಡಿಗಳ ಲೆಕ್ಕ ಬಲ್ಲ ಸದಸ್ಯರಿಗೆ ಇದು ಅಚ್ಚರಿ ತರದು. ಆದರೂ ವರ್ಷಕ್ಕೊಮ್ಮೆ ಗೋದಾಮಿನ ಮೂಲೆಯಲ್ಲಿ ‘ಶೂನ್ಯ ಬೆಲೆ’ ಎಂದು ಬರೆದಿಟ್ಟ ಸರಕನ್ನು ಹೊಸದಾಗಿ ನೋಡುವ ಅಭ್ಯಾಸ ಎಷ್ಟು ಜನರಿಗಿದೆ?

ಟೆಕ್ಸಾಸಿನ ಹೊಗೆ

ಅಲ್ಲಿಂದ ದಕ್ಷಿಣಕ್ಕೆ ಸಾವಿರ ಕಿ.ಮೀ.ಗೂ ಮಿಕ್ಕಿದ ದಾರಿ ಟೆಕ್ಸಾಸಿಗೆ. ಈ ಭಾಗದ ಬಾರ್ಬೆಕ್ಯೂ ಹುಟ್ಟಿದ್ದು ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದಂಗಡಿಗಳಲ್ಲಿ. ಮಾರಾಟವಾಗದೆ ಉಳಿದ ಮಾಂಸವನ್ನು ಕೆಡದಂತೆ ಹೊಗೆ ಹಿಡಿಸಿ ಮಾರುತ್ತಿದ್ದರು. ಆದ್ದರಿಂದಲೇ ಇಂದಿಗೂ ತಟ್ಟೆಯ ಲೆಕ್ಕವಿಲ್ಲ, ತೂಕದ ಲೆಕ್ಕ; ತಟ್ಟೆಯ ಬದಲು ಮಾಂಸ ಕಟ್ಟುವ ಕಾಗದ. ಇಲ್ಲಿ ದನದ ಬ್ರಿಸ್ಕೆಟ್ಟೇ ರಾಜ. ಅನಾದಿ ಕಾಲದಿಂದ ಹೀಗೆಯೇ ಎಂದು ಭಾವಿಸಿದರೆ ತಪ್ಪು. ಹಿಂದೆ ಅಂಗಡಿಗಳು ದನದ ಮುಂಭಾಗವನ್ನು ಇಡಿಯಾಗಿ ಕೊಂಡು ಸಿಕ್ಕ ಭಾಗವನ್ನೆಲ್ಲ ಬೇಯಿಸುತ್ತಿದ್ದವು. 1960ರ ದಶಕದಲ್ಲಿ ದೊಡ್ಡ ಕಸಾಯಿ ಕಾರ್ಖಾನೆಗಳು ಮಾಂಸವನ್ನು ಭಾಗಭಾಗವಾಗಿ ಪೆಟ್ಟಿಗೆಯಲ್ಲಿ ಮಾರತೊಡಗಿದ ಮೇಲೆ, ಬೇಕಾದಷ್ಟು ಬ್ರಿಸ್ಕೆಟ್ ಮಾತ್ರ ತರಿಸುವುದು ಸುಲಭವಾಯಿತು. ಸಂಪ್ರದಾಯವೆಂದು ಕೊಂಡಾಡುವುದರಲ್ಲಿ ಒಂದು ಪಾಲು ಸರಬರಾಜು ವ್ಯವಸ್ಥೆಯ ಫಲ.

ಇಲ್ಲಿಯೂ ಒಂದು ಲೆಕ್ಸಿಂಗ್ಟನ್ ಇದೆ. ನಾರ್ತ್ ಕೆರೊಲಿನಾದ್ದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಈ ಪುಟ್ಟ ಊರಿನ ಸ್ನೋಸ್ ಎಂಬ ಅಂಗಡಿ 2003ರಲ್ಲಿ ಆರಂಭವಾಯಿತು. ಬಾಗಿಲು ತೆರೆಯುವುದು ಶನಿವಾರ ಮಾತ್ರ. 2008ರಲ್ಲಿ ಟೆಕ್ಸಾಸ್ ಮಂತ್ಲಿ ಪತ್ರಿಕೆ ಇದಕ್ಕೆ ಇಡೀ ರಾಜ್ಯದಲ್ಲಿ ಪ್ರಥಮ ಸ್ಥಾನ ಕೊಟ್ಟಿತು, 2017ರಲ್ಲಿ ಮತ್ತೊಮ್ಮೆ. ಒಲೆಯ ಉಸ್ತುವಾರಿ 1935ರಲ್ಲಿ ಹುಟ್ಟಿದ ಟೂಟ್ಸಿ ಟೊಮನೆಟ್ಸ್ ಎಂಬ ಹಿರಿಯ ಮಹಿಳೆಯದು. ವಾರದ ಉಳಿದ ದಿನಗಳಲ್ಲಿ ಆಕೆ ಶಾಲೆಯೊಂದರ ನಿರ್ವಹಣಾ ವಿಭಾಗದಲ್ಲಿ ದುಡಿಯುತ್ತಿದ್ದರು. ಇಲ್ಲಿಯೇ ಸೂಕ್ಷ್ಮವಿರುವುದು. ವಾರಕ್ಕೊಂದು ದಿನದ ವ್ಯಾಪಾರ ನಡೆದದ್ದು ಸ್ಥಿರ ವೆಚ್ಚ ಕಡಿಮೆಯಿದ್ದುದರಿಂದ, ದುಡಿಯುವವರಿಗೆ ಬೇರೆ ಆದಾಯವಿದ್ದುದರಿಂದ. ನಗರದ ಮುಖ್ಯ ರಸ್ತೆಯಲ್ಲಿ ಬಾಡಿಗೆಗೆ ಕಟ್ಟಡ ಹಿಡಿದವನು ಇದನ್ನು ಅನುಕರಿಸಿದರೆ ಮೂರು ತಿಂಗಳಲ್ಲಿ ಬೀಗ ಹಾಕಬೇಕಾದೀತು. ‘ಚಿಕ್ಕದೇ ಚೆಂದ’ ಎಂಬ ಮಾತು ಕೇಳಲು ಹಿತ; ಅದರ ಹಿಂದಿನ ವೆಚ್ಚದ ರಚನೆಯನ್ನು ನೋಡದೆ ಒಪ್ಪುವುದು ಅಪಾಯ.

‘ಮುಗಿಯಿತು’ ಫಲಕದ ಲೆಕ್ಕಕ್ಕೆ ಬರಬಹುದು. ಬ್ರಿಸ್ಕೆಟ್ ಹನ್ನೆರಡು ಗಂಟೆ ಬೇಯಬೇಕು. ನಾಳೆ ಎಷ್ಟು ಬೇಕೆಂದು ಇಂದು ಸಂಜೆಯೇ ತೀರ್ಮಾನಿಸಬೇಕು. ಮಧ್ಯಾಹ್ನ ಗಿರಾಕಿ ಹೆಚ್ಚಾದರೆ ಹೊಸದಾಗಿ ಬೇಯಿಸಿ ಕೊಡಲಾಗದು. ಉಳಿದರೆ ಮರುದಿನ ಅದಕ್ಕೆ ಅದೇ ಬೆಲೆ ಬಾರದು. ಕೊಬ್ಬು ಕತ್ತರಿಸಿ, ನೀರಿನಂಶ ಆವಿಯಾಗಿ, ಹಸಿ ತೂಕದ ಅರ್ಧದಷ್ಟು ಹೋಗಿಬಿಡುತ್ತದೆ. ಲೆಕ್ಕದವರು ಸಾಮಾನ್ಯ ನಷ್ಟ ಎನ್ನುವುದು ಇಲ್ಲಿ ಶೇಕಡ 50ರ ಹತ್ತಿರ. ಉದಾಹರಣೆಗೆ ಹಸಿ ಮಾಂಸ ಪೌಂಡಿಗೆ 4 ಡಾಲರ್ ಎಂದಿಟ್ಟುಕೊಂಡರೆ ಬೆಂದ ಪೌಂಡಿಗೆ ಅಸಲೇ 8 ಡಾಲರ್. ಸೌದೆ, ರಾತ್ರಿ ಪಾಳಿಯ ಸಂಬಳ, ತೆರಿಗೆ ಇನ್ನೂ ಸೇರಿಲ್ಲ. ಹಸಿಯ ಬೆಲೆ 1 ಡಾಲರ್ ಏರಿದರೆ ಕೌಂಟರಿನಲ್ಲಿ 2 ಡಾಲರ್ ಏರಿಸಬೇಕು. ಹೀಗಿರುವಾಗ ನಾಲ್ಕು ಗಿರಾಕಿಗಳನ್ನು ಬರಿಗೈಯಲ್ಲಿ ಕಳುಹಿಸುವ ನಷ್ಟಕ್ಕಿಂತ ನಾಲ್ಕು ಪೌಂಡ್ ಉಳಿಸಿಕೊಳ್ಳುವ ನಷ್ಟ ದೊಡ್ಡದು. ಒಂದು ಗಂಟೆಗೆ ಬಾಗಿಲು ಮುಚ್ಚುವವನು ಸೋಮಾರಿಯಲ್ಲ; ದಾಸ್ತಾನು ನಿಯಂತ್ರಣದ ಪಾಠವನ್ನು ಬಲ್ಲವನು.

ಆ ಹಸಿ ಮಾಂಸದ ಬೆಲೆಯೇ ಈಗ ಈ ಅಂಗಡಿಗಳ ಮುಂದಿರುವ ನಿಜವಾದ ಸಂಕಟ. ಬರಗಾಲ, ಮೇವಿನ ಬೆಲೆಗಳಿಂದ ರೈತರು ಹಿಂಡನ್ನು ಕಡಿಮೆ ಮಾಡಿದ್ದರಿಂದ 2024ರ ಜನವರಿಯಲ್ಲಿ ಅಮೆರಿಕದ ಜಾನುವಾರುಗಳ ಸಂಖ್ಯೆ 8 ಕೋಟಿ 72 ಲಕ್ಷಕ್ಕೆ ಇಳಿಯಿತು. 1951ರ ನಂತರ ಅದು ಅಷ್ಟು ಕೆಳಗಿಳಿದಿರಲಿಲ್ಲ. 2025ರ ಜನವರಿಯಲ್ಲಿ ಇನ್ನೂ ಸ್ವಲ್ಪ ಇಳಿಯಿತು. ಹಿಂಡು ಮತ್ತೆ ಬೆಳೆಯಲು ವರ್ಷಗಳು ಬೇಕು. ಬೆಂದ ಬ್ರಿಸ್ಕೆಟ್ ಪೌಂಡಿಗೆ 30 ಡಾಲರಿನ ಆಸುಪಾಸಿಗೆ ಬಂದಿರುವ ಅಂಗಡಿಗಳು ಹಲವು. ಒಂದು ಕಾಲಕ್ಕೆ ಬಡವರ ಮಾಂಸವಾಗಿದ್ದದ್ದು ಶ್ರೀಮಂತರ ಭೋಜನವಾಗುತ್ತಿದೆ. 2024ರ ನವೆಂಬರಿನಲ್ಲಿ ಮಿಶೆಲಿನ್ ಮಾರ್ಗದರ್ಶಿಯು ಟೆಕ್ಸಾಸಿನ ನಾಲ್ಕು ಬಾರ್ಬೆಕ್ಯೂ ಅಂಗಡಿಗಳಿಗೆ ತಾರೆ ನೀಡಿದ್ದು ಸಂತೋಷದ ವಿಷಯವೇ. ಆದರೆ ತಾರೆಯಿಲ್ಲದ, ಹಳ್ಳಿಯ ಗಿರಾಕಿಯನ್ನೇ ನಂಬಿದ ಅಂಗಡಿಗೆ ಬೆಲೆ ಏರಿಸುವ ಧೈರ್ಯ ಎಲ್ಲಿಂದ ಬರಬೇಕು? ಪತ್ರಿಕೆಗಳು ಬೊಟ್ಟು ಮಾಡುವ ಕೆಲವೇ ಹೆಸರುಗಳ ಸುತ್ತ ಪ್ರವಾಸಿಗಳು ಮುತ್ತುತ್ತಾರೆ, ಉಳಿದವರು ಸದ್ದಿಲ್ಲದೆ ಮುಚ್ಚುತ್ತಾರೆ.

ಆಸ್ಟಿನ್ ನಗರದ ಫ್ರಾಂಕ್ಲಿನ್ ಬಾರ್ಬೆಕ್ಯೂ ಮೊದಲ ವರ್ಗಕ್ಕೆ ಸೇರಿದ್ದು. 2009ರಲ್ಲಿ ಒಂದು ಗಾಡಿಯಲ್ಲಿ ಆರಂಭವಾಗಿ 2011ರಲ್ಲಿ ಕಟ್ಟಡ ಸೇರಿತು. 2015ರಲ್ಲಿ ಮಾಲೀಕ ಏರನ್ ಫ್ರಾಂಕ್ಲಿನ್ ಅವರಿಗೆ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಬಾಗಿಲು ತೆರೆಯುವುದು ಹನ್ನೊಂದಕ್ಕೆ, ಸಾಲು ಆರಂಭವಾಗುವುದು ಮುಂಜಾನೆ. ಬೆಲೆ ಏರಿಸಿದರೆ ಸಾಲು ಕರಗುತ್ತದೆ, ಲಾಭ ಹೆಚ್ಚುತ್ತದೆ ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ಹೇಳಬಹುದು. ಸಾಲೇ ಜಾಹೀರಾತು ಎಂಬುದನ್ನು ಆ ಲೆಕ್ಕ ಮರೆಯುತ್ತದೆ. ಗಿರಾಕಿ ತೆರುವ ಐದು ಗಂಟೆಗಳು ಮಾಲೀಕನ ಪೆಟ್ಟಿಗೆಗೆ ಬೀಳುವುದಿಲ್ಲ, ಆದರೆ ಅವನ ಹೆಸರಿಗೆ ಜಮೆಯಾಗುತ್ತವೆ.

ತೂಕದ ವ್ಯಾಪಾರವೆಂದ ಮೇಲೆ ತಕ್ಕಡಿಯ ಜಗಳ ಬರಲೇಬೇಕು. 2015ರಿಂದ ಟೆಕ್ಸಾಸಿನ ಕೃಷಿ ಇಲಾಖೆಯು ತಕ್ಕಡಿಗಳ ತಪಾಸಣೆಯನ್ನು ಬಿಗಿ ಮಾಡಿ, ಗಿರಾಕಿಗೆ ಕಾಣುವಂತೆ ತಕ್ಕಡಿ ಇರಬೇಕೆಂದು ಬಾರ್ಬೆಕ್ಯೂ ಅಂಗಡಿಗಳಿಗೂ ಪಟ್ಟು ಹಿಡಿಯಿತು. ಅಂಗಡಿಯವರು ಪ್ರತಿಭಟಿಸಿದರು. 2017ರಲ್ಲಿ ಶಾಸನ ಸಭೆ ಕಾಯಿದೆ ತಿದ್ದಿ, ಕೂಡಲೇ ತಿನ್ನಲು ಮಾರುವ ಆಹಾರದ ತಕ್ಕಡಿಗಳಿಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಕಟ್ಟಿಸಿಕೊಂಡು ಹೋಗುವವರಿಗೆ ತೂಗುವ ತಕ್ಕಡಿಗೂ ಅನ್ವಯವೇ ಎಂಬ ವ್ಯಾಖ್ಯಾನದ ವಿವಾದ ಬೇರೆ ಎದ್ದಿತು. ಮಾಪನ ಇಲಾಖೆಯ ಮುದ್ರೆಗೆ ವರ್ಷ ವರ್ಷ ಸಾಲು ನಿಲ್ಲುವ ಇಲ್ಲಿನ ವರ್ತಕರಿಗೆ ಟೆಕ್ಸಾಸಿನವರ ಮೇಲೆ ಅಸೂಯೆ ಮೂಡಿದರೆ ಆಶ್ಚರ್ಯವಿಲ್ಲ. ಆದರೂ ಪೌಂಡಿಗೆ 30 ಡಾಲರ್ ತೆರುವವನಿಗೆ ಮುಳ್ಳು ಎಲ್ಲಿ ನಿಂತಿತೆಂದು ನೋಡುವ ಹಕ್ಕು ಇರಬೇಡವೇ? ಈ ಒಂದು ವಿಷಯದಲ್ಲಿ ಇಲಾಖೆಯ ವಾದವೇ ನ್ಯಾಯವಾಗಿ ಕಾಣುತ್ತದೆ.

ಕಟ್ಟಡ ಒಬ್ಬರದು, ವ್ಯಾಪಾರ ಇನ್ನೊಬ್ಬರದು

ಆಸ್ಟಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದ ಲಾಕ್‌ಹಾರ್ಟ್ ಪ್ರವಾಸದ ಕೊನೆಯ ನಿಲ್ದಾಣ. 1999ರಲ್ಲಿ ರಾಜ್ಯದ ಶಾಸನ ಸಭೆಯೇ ಈ ಊರನ್ನು ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿ ಎಂದು ನಿರ್ಣಯ ಮಾಡಿ ಘೋಷಿಸಿತು. ಊರಿನ ಅತಿ ಹಳೆಯ ಹೆಸರು ಕ್ರೈಟ್ಸ್ ಮಾರ್ಕೆಟ್, 1900ರದು. 1948ರಲ್ಲಿ ಸ್ಮಿಟ್ಟಿ ಎಂಬ ಅಡ್ಡಹೆಸರಿನ ಕೆಲಸಗಾರ ಅದನ್ನು ಮಾಲೀಕರ ಕುಟುಂಬದಿಂದ ಕೊಂಡು ಬೆಳೆಸಿದ. ಆತ ವ್ಯಾಪಾರವನ್ನು ಗಂಡುಮಕ್ಕಳಿಗೆ ಮಾರಿದ; ಕಟ್ಟಡವನ್ನು ಮಾತ್ರ ಮಗಳ ಪಾಲಿಗೆ ಬಿಟ್ಟುಹೋದ. ತಂದೆಯ ದೃಷ್ಟಿಯಲ್ಲಿ ಇದು ಸಮಪಾಲೇ ಇದ್ದೀತು. ಗಂಡುಮಕ್ಕಳಿಗೆ ದುಡಿಮೆ, ಹೆಣ್ಣುಮಗಳಿಗೆ ಬಾಡಿಗೆ.

ಬಾಡಿಗೆಯ ಕರಾರು ಮುಗಿಯುತ್ತ ಬಂದಾಗ ಒಡಹುಟ್ಟಿದವರಲ್ಲಿ ಹೊಂದಾಣಿಕೆಯಾಗಲಿಲ್ಲ. 1999ರಲ್ಲಿ ಸಹೋದರ ಹೆಸರನ್ನು ತೆಗೆದುಕೊಂಡು ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ದೊಡ್ಡ ಹೊಸ ಕಟ್ಟಡ ಕಟ್ಟಿಸಿದರು. ಹಳೆಯ ಒಲೆಯ ಕೆಂಡವನ್ನು ಲೋಹದ ತೊಟ್ಟಿಯೊಂದರಲ್ಲಿ ತುಂಬಿ, ಊರ ಜನ ನೋಡುತ್ತಿರುವಂತೆಯೇ ರಸ್ತೆಯುದ್ದಕ್ಕೂ ಎಳೆದೊಯ್ದು ಹೊಸ ಒಲೆ ಹೊತ್ತಿಸಿದರು. ಸಹೋದರಿ ಹಳೆಯ ಕಟ್ಟಡದಲ್ಲಿ ತಂದೆಯ ಅಡ್ಡಹೆಸರಿನಿಂದ ಸ್ಮಿಟ್ಟೀಸ್ ಮಾರ್ಕೆಟ್ ಆರಂಭಿಸಿದರು. ದಶಕಗಳ ಹೊಗೆಗೆ ಕಪ್ಪಾದ ಗೋಡೆಗಳು, ನೆಲಮಟ್ಟದಲ್ಲಿ ಬಯಲಾಗಿ ಉರಿಯುವ ಬೆಂಕಿ ಅವರ ಬಳಿ ಉಳಿದವು. ಕ್ರೈಟ್ಸ್ ಎಂಬ ಹೆಸರು, ಕೆಂಡ ಮತ್ತು ಕೆಲಸ ಬಲ್ಲ ಕೈಗಳು ಸಹೋದರನ ಕಡೆಗೆ.

ಈ ಹಂಚಿಕೆಯಲ್ಲಿ ಗುಡ್‌ವಿಲ್ ಎಂದು ಕರೆಯುವ ಕೀರ್ತಿಮೌಲ್ಯ ಯಾರಿಗೆ ಸೇರಿತು? ಲೆಕ್ಕ ಪರಿಶೋಧಕರಲ್ಲಿ ಹತ್ತು ಜನರನ್ನು ಕೇಳಿದರೆ ಒಂದೇ ಉತ್ತರ ಬರಲಾರದು. ಹೊಗೆ ಹಿಡಿದ ಗೋಡೆಗೆ ಬರುವ ಪ್ರವಾಸಿಗ ಒಬ್ಬನಾದರೆ, ಹೆಸರಿಗೆ ಬರುವವನು ಇನ್ನೊಬ್ಬ. ಅದೃಷ್ಟವಶಾತ್ ಎರಡೂ ಅಂಗಡಿಗಳು ನಡೆದವು. ಜಗಳದ ಸುದ್ದಿಯೇ ಊರಿಗೆ ಇನ್ನಷ್ಟು ಪ್ರವಾಸಿಗಳನ್ನು ತಂದಿತು. ಎಲ್ಲ ಕುಟುಂಬಗಳಿಗೂ ಹೀಗೆ ಒಲಿದು ಬರುವುದಿಲ್ಲ. ಕರ್ನಾಟಕದ ಪೇಟೆಗಳಲ್ಲಿಯೂ ಮಳಿಗೆ ತಾಯಿಯ ಹೆಸರಿನಲ್ಲಿ, ವ್ಯಾಪಾರ ಅಣ್ಣತಮ್ಮಂದಿರ ಪಾಲುದಾರಿಕೆಯ ಹೆಸರಿನಲ್ಲಿ, ಫಲಕದ ಮೇಲಿನ ಹೆಸರು ಎಲ್ಲಿಯೂ ನೋಂದಣಿಯಾಗದೆ ನಡೆಯುತ್ತಿರುವ ಸಂಸ್ಥೆಗಳು ಎಷ್ಟೋ ಇವೆ. ತಾಯಿ ಇರುವತನಕ ಬಾಡಿಗೆ ಕರಾರಿನ ಮಾತೆತ್ತುವುದು ಅಮಂಗಳವೆಂದು ಭಾವಿಸುತ್ತಾರೆ. ಆಕೆಯ ನಂತರ ಹೆಣ್ಣುಮಕ್ಕಳಿಗೂ ಹಕ್ಕು ಬಂದಾಗ, ತಿಂಗಳಿಗೆ ನೂರೋ ಇನ್ನೂರೋ ರೂಪಾಯಿ ಎಂದು ಪುಸ್ತಕದಲ್ಲಿ ಬರೆದುಕೊಂಡು ಬಂದ ಬಾಡಿಗೆಯೇ ದಾವೆಯ ಮೊದಲ ದಾಖಲೆಯಾಗುತ್ತದೆ. ಪಾಲುದಾರಿಕೆ ಪತ್ರದಲ್ಲಿ ಒಂದು ಪುಟ ಹೆಚ್ಚು ಬರೆಸಿ, ಮಳಿಗೆಯ ದೀರ್ಘಾವಧಿ ಗುತ್ತಿಗೆ, ಹೆಸರಿನ ಒಡೆತನ, ಹೊರಹೋಗುವ ಪಾಲುದಾರನಿಗೆ ಸಲ್ಲಬೇಕಾದ ಕೀರ್ತಿಮೌಲ್ಯದ ಲೆಕ್ಕ ಇವನ್ನು ಹಿರಿಯರು ಬದುಕಿರುವಾಗಲೇ ನಮೂದಿಸಿಕೊಳ್ಳಲು ತಗಲುವ ಖರ್ಚು ಅತ್ಯಲ್ಪ.

ಲಾಕ್‌ಹಾರ್ಟಿನವರೇ ಈ ಪಾಠವನ್ನು ಪೂರ್ತಿ ಕಲಿತಂತಿಲ್ಲ. ಅದೇ ಊರಿನಲ್ಲಿ 1932ರಿಂದ ನಡೆದುಬಂದ ಬ್ಲ್ಯಾಕ್ಸ್ ಬಾರ್ಬೆಕ್ಯೂ ಕುಟುಂಬದ ಎರಡು ಕವಲುಗಳು 2014ರಲ್ಲಿ ಆಸ್ಟಿನ್ ನಗರದಲ್ಲಿ ಬೇರೆ ಬೇರೆಯಾಗಿ ಅಂಗಡಿ ತೆರೆದವು. ಬ್ಲ್ಯಾಕ್ ಎಂಬ ಹೆಸರನ್ನು ಯಾರು ಬಳಸಬೇಕೆಂದು ಚಿಕ್ಕಪ್ಪ ದೊಡ್ಡಪ್ಪಂದಿರ ಮನೆಗಳ ನಡುವೆ ವಿವಾದ ಎದ್ದು, ಒಂದು ಕವಲಿನ ಅವಳಿ ಸಹೋದರರು ತಂದೆಯ ಹೆಸರನ್ನು ಮುಂದೆ ಸೇರಿಸಿ ಟೆರಿ ಬ್ಲ್ಯಾಕ್ಸ್ ಎಂದು ಫಲಕ ಬರೆಸಿದರು.